ಮಗ್ಗಲಿಗೆ ಹೊರಳಿಸಿದ ಮೇಲೆ ಎದ್ದು ಹೋಗಬಾರದು

ರಾಯಚೂರು-ಕೊಪ್ಪಳ ಬಸ್ಸಿನಲ್ಲಿ ನಾನು ಟಿಕೆಟ್ ಹರಿಯಲು ಶುರು ಮಾಡಿ ಇಪ್ಪತ್ತು ವರ್ಷದ ಹತ್ತಿರ ಬಂತು. ಮಾನ್ವಿ, ಪೋತ್ನಾಳ, ಸಿಂಧನೂರು, ಕಾರಟಗಿ, ಗಂಗಾವತಿ. ಈ ದಾರಿಯ ಒಂದೊಂದು ತೆಗ್ಗೂ ನನ್ನ ಸೊಂಟಕ್ಕೆ ಗೊತ್ತು. ಕಂಡಕ್ಟರ್ ಲೈಸೆನ್ಸ್ ಬೇಕೆಂದರೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಕೇಳುತ್ತಾರೆ. ಎಲ್ಲರಂತೆ ನಾನೂ ತಂದಿದ್ದೆ. ಲ್ಯಾಮಿನೇಷನ್ ಮಾಡಿಸಿ ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ಅಲ್ಲಿ ಹೇಳಿಕೊಟ್ಟದ್ದರಲ್ಲಿ ನೆನಪು ಉಳಿದದ್ದು ಮುರಿದ ಕೈಗೆ ತ್ರಿಕೋನ ಬಟ್ಟೆ ಕಟ್ಟಿ ಕೊರಳಿಗೆ ತೂಗುಹಾಕುವುದೊಂದೇ.

ಕೆಲಸಕ್ಕೆ ಸೇರಿ ಮೂರನೇ ಬೇಸಿಗೆ. ಪೋತ್ನಾಳ ದಾಟಿ ಜವಳಗೇರಾ ಇನ್ನೂ ಬಂದಿರಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ಅರವತ್ತರ ರೈತರೊಬ್ಬರು ಹಾಗೇ ಮುಂದಕ್ಕೆ ಜೋಲಿ ಹೊಡೆದು ಸೀಟಿನಿಂದ ಜಾರಿದರು. ಡ್ರೈವರ್ ಅಣ್ಣ ಗಾಡಿ ಪಕ್ಕಕ್ಕೆ ಹಾಕಿದ. ನಾಲ್ಕು ಮಂದಿ ಎತ್ತಿ ಹಿಂದಿನ ಉದ್ದ ಸೀಟಿನ ಮೇಲೆ ಅಂಗಾತ ಮಲಗಿಸಿದೆವು. ತಲೆ ಗಟ್ಟಿ ಸೀಟಿಗೆ ಒತ್ತಬಾರದೆಂದು ನಾನೇ ಯಾರದೋ ಬಟ್ಟೆಯ ಚೀಲ ಮಡಚಿ ತಲೆದಿಂಬು ಕೊಟ್ಟೆ. ಒಬ್ಬರು ಟವೆಲ್ ಬೀಸಿದರು, ಒಬ್ಬರು ಬಾಟಲಿಯ ಮುಚ್ಚಳ ತೆಗೆದು ತುಟಿಗೆ ನೀರು ಬಿಟ್ಟರು. ಸ್ವಲ್ಪ ಹೊತ್ತಿಗೆ ಅವರು ಜೋರಾಗಿ ಗೊರಕೆ ಹೊಡೆಯತೊಡಗಿದರು.

"ನಿದ್ದಿ ಹತ್ತೇತಿ ಬಿಡ್ರಿ, ಏನೂ ಆಗೂದಿಲ್ಲ" ಅಂದರು ಯಾರೋ. ನನಗೂ ಎದೆ ಹಗುರಾಯಿತು. ಟಿಕೆಟ್ ಮಷೀನ್ ಎತ್ತಿಕೊಂಡು ಮುಂದಕ್ಕೆ ಹೋಗುವಷ್ಟರಲ್ಲಿ ಹಿಂದಿನಿಂದ ಗಂಟಲಲ್ಲಿ ನೀರು ಗಳಗಳ ಅಂದ ಸದ್ದು. ಅವರು ವಾಂತಿ ಮಾಡಿಕೊಂಡಿದ್ದರು. ಬಾಯಿಂದ ಹೊರಗೆ ಬಂದಿದ್ದು ಅರ್ಧ, ಉಳಿದದ್ದು ಬಾಯಲ್ಲೇ. ತುಟಿ ಕಪ್ಪಡರುತ್ತಿತ್ತು. ನಾನು ನಿಂತಲ್ಲೇ ನಿಂತೆ. ಮೂಲೆಯಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿ ಎಲ್ಲರನ್ನೂ ನೂಕಿ ಬಂದವಳೇ, ನನ್ನ ಚೀಲದ ತಲೆದಿಂಬು ಕಿತ್ತೊಗೆದು, ಆ ಮನುಷ್ಯನ ಹೆಗಲು ಹಿಡಿದು ತನ್ನ ಕಡೆಗೆ ಎಳೆದಳು. ಅವರು ಮಗ್ಗಲಾದರು. ಬಾಯಿ ನೆಲಕ್ಕೆ ಮುಖ ಮಾಡಿತು. ಇದ್ದದ್ದೆಲ್ಲ ಸುರಿಯಿತು. ಒಂದು ದೊಡ್ಡ ಉಸಿರು ಒಳಗೆ ಹೋದ ಸದ್ದು ಇಡೀ ಬಸ್ಸಿಗೆ ಕೇಳಿಸಿತು.

"ಕೂಸು ಹಾಲು ಕಕ್ಕಿದ್ರ ಅಂಗಾತ ಹಾಕ್ತೀಯೇನೋ ತಮ್ಮಾ? ಮಗ್ಗಲಾ ಮಾಡೂದಿಲ್ಲೇನು?" ಅಂದಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಸರ್ಟಿಫಿಕೇಟ್ ನನ್ನ ಟ್ರಂಕಿನಲ್ಲಿತ್ತು.

ಸಿಂಧನೂರು ದವಾಖಾನೆಗೆ ಅವರನ್ನು ಮುಟ್ಟಿಸಿದೆವು, ಬದುಕಿದರು. ಆದರೆ ಆ ಗೊರಕೆ ನನ್ನ ಕಿವಿಯಿಂದ ಬಹಳ ದಿನ ಹೋಗಲಿಲ್ಲ. ನನ್ನ ತಂಗಿಯ ಗಂಡ ದವಾಖಾನೆಯಲ್ಲಿ ನರ್ಸಿಂಗ್ ಕೆಲಸದಲ್ಲಿದ್ದಾನೆ. ಅವನ ಮುಂದೆ ಹೇಳಿದೆ. "ಅದು ನಿದ್ದಿ ಅಲ್ಲ ಮಾಮಾ, ಉಸಿರಿನ ದಾರಿ ಅರ್ಧ ಮುಚ್ಚಿದ ಸಪ್ಪಳ" ಅಂದ. ಪ್ರಜ್ಞೆ ತಪ್ಪಿದಾಗ ಮೈಯ ಸ್ನಾಯುಗಳೆಲ್ಲ ಸಡಿಲಾಗುತ್ತವೆ. ನಾಲಗೆಯೂ ಅಷ್ಟೇ. ಅಂಗಾತ ಬಿದ್ದವರ ನಾಲಗೆಯ ಬುಡ ಹಿಂದಕ್ಕೆ ಜಾರಿ ಗಂಟಲಿಗೆ ಅಡ್ಡ ಕೂಡುತ್ತದೆ. ತಲೆದಿಂಬು ಕೊಟ್ಟರೆ ಗದ್ದ ಎದೆಗೆ ಬಾಗಿ ಇನ್ನಷ್ಟು ಮುಚ್ಚುತ್ತದೆ. ಎಚ್ಚರ ಇರುವವರಿಗೆ ಗಂಟಲಿಗೆ ಏನಾದರೂ ಇಳಿದರೆ ಕೆಮ್ಮು ಬರುತ್ತದೆ. ಪ್ರಜ್ಞೆ ಇಲ್ಲದವರಿಗೆ ಆ ಕೆಮ್ಮಿನ ಕಾವಲೂ ನೆಚ್ಚುವಂತಿಲ್ಲ. ವಾಂತಿ ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ನಾನು ಅಕ್ಕರೆಯಿಂದ ಕೊಟ್ಟ ಚೀಲ, ಇನ್ನೊಬ್ಬರು ಬಿಟ್ಟ ನೀರು, ಎರಡೂ ಆ ಮನುಷ್ಯನ ಕುತ್ತಿಗೆ ಹಿಸುಕುವ ಕೆಲಸವನ್ನೇ ಮಾಡಿದ್ದವು.

ಅವನ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ ಕಲಿಸಿದ. ಮೊದಲು ನನ್ನ ಮಗನನ್ನು ಮಲಗಿಸಿ, ಆಮೇಲೆ ನನ್ನನ್ನೇ ಮಲಗಿಸಿ. ನನ್ನ ತೂಕ ಆಗ 82 ಕಿಲೋ, ನನ್ನ ಹೆಂಡತಿಯದು ನನ್ನ ಅರ್ಧಕ್ಕೆ ತುಸು ಮೇಲೆ. ಅವಳು ನನ್ನನ್ನು ಒಂದೇ ಕೈಯಲ್ಲಿ ಹೊರಳಿಸಿದ ದಿನ ಈ ವಿದ್ಯೆ ನನಗೆ ನಿಜವಾಗಿ ತಿಳಿಯಿತು.

ಅವನು ಇದಕ್ಕೆ ರಿಕವರಿ ಪೊಸಿಷನ್ ಅಂದ. ಚೇತರಿಕೆಯ ಭಂಗಿ ಅನ್ನಬಹುದು. ನಾನು ಮಾತ್ರ ಆ ಮುದುಕಿಯ ಹಾಗೆ ಮಗ್ಗಲಾ ಮಾಡುವುದು ಅಂತಲೇ ಅನ್ನುತ್ತೇನೆ. ಮಾಡುವ ಬಗೆ ಹೀಗೆ. ಬಿದ್ದವರ ಪಕ್ಕ ಮೊಣಕಾಲೂರಿ ಕೂರಬೇಕು. ಕನ್ನಡಕ ಇದ್ದರೆ ತೆಗೆಯಬೇಕು. ಯಾವ ಮಗ್ಗಲಿಗೆ ಹೊರಳಿಸುತ್ತೇವೋ ಆ ಕಡೆಯ ಜೇಬಿನಲ್ಲಿ ಮೊಬೈಲು, ಕೀಲಿಗೊಂಚಲು, ಸುಣ್ಣದ ಡಬ್ಬಿ ಇದ್ದರೆ ತೆಗೆದಿಡಬೇಕು. ಇಲ್ಲದಿದ್ದರೆ ಇಡೀ ಮೈಯ ಭಾರ ಅದರ ಮೇಲೆ ಬಿದ್ದು ತೊಡೆಗೆ ಒತ್ತುತ್ತದೆ. ಎರಡೂ ಕಾಲು ನೀಟಾಗಿ ಚಾಚಿಸಬೇಕು. ನಮ್ಮ ಕಡೆ ಇರುವ ಅವರ ಕೈಯನ್ನು ಮೈಯಿಂದ ಅಡ್ಡಕ್ಕೆ ಚಾಚಿ, ಮೊಣಕೈ ಮಡಚಿ, ಅಂಗೈ ಆಕಾಶ ನೋಡುವಂತೆ ಇಡಬೇಕು. ಕೈ ಎತ್ತಿ ಹಾಜರಿ ಹೇಳುವ ಶಾಲೆ ಹುಡುಗನ ಹಾಗೆ. ಆಮೇಲೆ ಆಚೆ ಬದಿಯ ಕೈಯನ್ನು ಎದೆಯ ಮೇಲಿಂದ ತಂದು, ಅದರ ಹಿಂಗೈಯನ್ನು ನಮ್ಮ ಕಡೆಯ ಕೆನ್ನೆಗೆ ಆನಿಸಿ, ನಮ್ಮ ಒಂದು ಕೈಯಿಂದ ಅಲ್ಲೇ ಒತ್ತಿ ಹಿಡಿಯಬೇಕು. ಇನ್ನೊಂದು ಕೈಯಿಂದ ಆಚೆ ಬದಿಯ ಮೊಣಕಾಲು ಮೇಲೆತ್ತಿ, ಪಾದ ನೆಲಕ್ಕೆ ಊರಿಸಬೇಕು.

ಇನ್ನು ಎತ್ತುವುದು ಏನೂ ಇಲ್ಲ. ಎತ್ತಿದ ಮೊಣಕಾಲನ್ನು ನಮ್ಮ ಕಡೆ ಎಳೆದರೆ ಸಾಕು, ಸೊಂಟ ಬರುತ್ತದೆ, ಸೊಂಟದ ಹಿಂದೆ ಹೆಗಲು ಬರುತ್ತದೆ. ಸಿಂಧನೂರು ಮಾರುಕಟ್ಟೆಯಲ್ಲಿ ಹಮಾಲರನ್ನು ನೋಡಿ. ಭತ್ತದ ಚೀಲವನ್ನು ನಡುವಿಗೆ ತೋಳು ಹಾಕಿ ಎತ್ತುವವನು ಹೊಸಬ. ಹಳಬ ಒಂದು ಮೂಲೆಯ ಕಿವಿ ಹಿಡಿದು ಹೊರಳಿಸುತ್ತಾನೆ. ನಮಗೆ ಆ ಕಿವಿ ಅಂದರೆ ಮೊಣಕಾಲು. ಕೆನ್ನೆಗೆ ಆನಿಸಿದ ಕೈ ಬಿಡಬಾರದು. ಬಿಟ್ಟರೆ ತಲೆ ಹಿಂದೆ ಉಳಿದು ಆಮೇಲೆ ಧೊಪ್ಪನೆ ಬಂದು ನೆಲಕ್ಕೆ ಬಡಿಯುತ್ತದೆ. ಮೈ ಮಗ್ಗಲಾದ ಮೇಲೆ ಮೇಲಿನ ಕಾಲನ್ನು ಮುಂದಕ್ಕೆ ತಂದು, ಸೊಂಟ ಮತ್ತು ಮೊಣಕಾಲು ಎರಡೂ ಲಂಬಕೋನಕ್ಕೆ ಮಡಚಿರುವಂತೆ ಇಟ್ಟರೆ ಅದೇ ಆನಿಕೆಯಾಗುತ್ತದೆ. ಮೈ ಬೋರಲು ಬೀಳುವುದಿಲ್ಲ, ಹಿಂದಕ್ಕೂ ಉರುಳುವುದಿಲ್ಲ. ಕಡೆಗೆ ಹಣೆ ಮತ್ತು ಗದ್ದ ಹಿಡಿದು ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಬಾಯಿ ತುಸು ನೆಲಕ್ಕೆ ಮುಖ ಮಾಡುವಂತೆ ಕೆನ್ನೆಯ ಕೆಳಗಿನ ಕೈ ಸರಿಪಡಿಸಬೇಕು. ಜೊಲ್ಲಾಗಲಿ ವಾಂತಿಯಾಗಲಿ ತಾನಾಗಿ ಹರಿದುಹೋಗಲು ಇಳಿಜಾರು ಸಿಕ್ಕಿತು. ಗರ್ಭಿಣಿಯಾದರೆ ಎಡಮಗ್ಗಲು. ಉಳಿದವರಿಗೆ ಯಾವುದಾದರೂ ಆದೀತು.

ಓದುವುದಕ್ಕೆ ಇಷ್ಟು ಹೊತ್ತು ಹಿಡಿಯಿತು. ಮಾಡಲು ಕಾಲು ನಿಮಿಷ ಸಾಕು. ಆದರೆ ಜಮಖಾನದ ಮೇಲಲ್ಲ, ನಮ್ಮ ಬಸ್ಸಿನಲ್ಲಿ ಮಾಡಲು ಹೋದಾಗ ಬೇರೆಯೇ ಪಾಠ. ಎರಡು ಸಾಲು ಸೀಟಿನ ನಡುವಿನ ಓಣಿಯಲ್ಲಿ ಕೈ ಅಡ್ಡಕ್ಕೆ ಚಾಚಲು ಎಲ್ಲಿದೆ ಜಾಗ? ಅಂಥಲ್ಲಿ ನಾನು ಪುಸ್ತಕದ ಭಂಗಿಗೆ ಹಠ ಮಾಡುವುದಿಲ್ಲ. ಮಗ್ಗಲು ಮಾಡಿ, ಬೆನ್ನನ್ನು ಸೀಟಿನ ಕಾಲಿಗೆ ಆನಿಸಿ, ಬೆನ್ನಿನ ಹಿಂದೆ ಒಂದು ಗಂಟುಮೂಟೆ ಸಿಕ್ಕಿಸಿ, ತಲೆ ಹಿಂದಕ್ಕೆ, ಬಾಯಿ ಕೆಳಕ್ಕೆ. ಅಷ್ಟಾದರೆ ಕೆಲಸ ಆಯಿತು. ನೆರಳು ಸಿಕ್ಕರೆ ಕೆಳಗೆ ಇಳಿಸುತ್ತೇನೆ. ಇಲ್ಲೊಂದು ಎಚ್ಚರ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ, ಆಗ ಡಾಂಬರು ಬರಿಗಾಲಿಗೇ ಸುಡುತ್ತದೆ. ಪ್ರಜ್ಞೆ ಇಲ್ಲದವರು "ಸುಡ್ತೈತಿ" ಅನ್ನುವುದಿಲ್ಲ. ಒಮ್ಮೆ ನಾನೇ ಒಬ್ಬರನ್ನು ರಸ್ತೆಯ ಅಂಚಿಗೆ ಮಲಗಿಸಿ, ಅವರ ತೋಳಿನ ಕೆಳಗೆ ನನ್ನ ಕೈ ಹೋದಾಗಲೇ ಬಿಸಿ ಗೊತ್ತಾಗಿ ಬೆಚ್ಚಿದ್ದೆ. ಅಂದಿನಿಂದ ಡ್ರೈವರ್ ಸೀಟಿನ ಹಿಂದೆ ಒಂದು ಕೌದಿ ಮಡಚಿ ಇಟ್ಟಿರುತ್ತೇನೆ. ನಮ್ಮವ್ವ ಹೊಲಿದದ್ದು. ಮೂರು ಸಲ ವಾಂತಿ ತೊಳೆದಿದ್ದೇನೆ, ಇನ್ನೂ ಗಟ್ಟಿ ಇದೆ.

ಹೆಂಗಸರನ್ನು ಹೊರಳಿಸುವ ವಿಷಯ ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ. ಮೊಣಕಾಲು ಎತ್ತಿದರೆ ಸೀರೆ ಮೇಲೆ ಸರಿಯುತ್ತದೆ. ಗಂಡಸು ಮುಟ್ಟಿದರೆ ಸುತ್ತ ನಿಂತವರ ಕಣ್ಣು ಬದಲಾಗುತ್ತದೆ. ಅದಕ್ಕೆ ಮೊದಲೇ ಒಬ್ಬ ಅಕ್ಕನನ್ನೋ ಅವ್ವನನ್ನೋ ಕರೆದು ಎದುರಿಗೆ ಕೂರಿಸಿಕೊಳ್ಳುತ್ತೇನೆ. ಅವರೇ ಕಾಲಿನ ಮೇಲೆ ಟವೆಲ್ ಹೊದಿಸುತ್ತಾರೆ, ಅವರೇ ಮೊಣಕಾಲು ಎಳೆಯುತ್ತಾರೆ, ನಾನು ತಲೆಯ ಕಡೆ ನೋಡಿಕೊಳ್ಳುತ್ತೇನೆ. "ಈಗ ಉಸಿರು ಸರಾಗ ಆಗ್ಲಿ ಅಂತ ಮಗ್ಗಲಾ ಮಾಡ್ತೀವಿ" ಅಂತ ಗಟ್ಟಿಯಾಗಿ ಹೇಳುತ್ತ ಮಾಡಿದರೆ ಗುಸುಗುಸು ನಿಲ್ಲುತ್ತದೆ. ಹಾಗೆ ಹೇಳುವುದರಿಂದ ಕೈಗೂ ಮುಂದೇನು ಅಂತ ನೆನಪಾಗುತ್ತದೆ.

ಇನ್ನೊಂದು ನಮ್ಮ ಕಡೆಯದೇ ಸಮಸ್ಯೆ. ಬಿದ್ದವರ ದವಡೆಯಲ್ಲಿ ಎಲೆ ಅಡಿಕೆಯೋ ಗುಟ್ಕಾನೋ ಇರುತ್ತದೆ. ಮಗ್ಗಲು ಮಾಡಿದ ಮೇಲೆ ಬಾಯಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ಬೆರಳಿಂದ ಹೊರಗೆಳೆಯುತ್ತೇನೆ. ಕಾಣದ್ದನ್ನು ತಡಕಾಡಿದರೆ ಒಳಕ್ಕೆ ನೂಕಿದ ಹಾಗಾಗುತ್ತದೆ.

ಈಗ ನನ್ನನ್ನು ಬಹಳ ಕಾಡಿದ ಪ್ರಸಂಗಕ್ಕೆ ಬರುತ್ತೇನೆ. ಮಗ್ಗಲು ಮಾಡುವುದನ್ನು ಕಲಿತ ಹುರುಪಿನಲ್ಲಿ ಯಾರು ಬಿದ್ದರೂ ಮಗ್ಗಲು ಮಾಡಲು ಓಡುತ್ತಿದ್ದೆ. ಕಾರಟಗಿ ಬಸ್ ನಿಲ್ದಾಣದಲ್ಲಿ ಒಬ್ಬರು ಎದೆ ಹಿಡಿದುಕೊಂಡು ಕುಸಿದರು. ನಾನು ಹೋಗಿ ನೋಡಿದರೆ ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ. ದಂಡೆಗೆ ಹಾಕಿದ ಮೀನಿನ ಹಾಗೆ. ಆಗೊಮ್ಮೆ ಈಗೊಮ್ಮೆ ಒಂದು ಏದುಸಿರು. ಉಸಿರಿದೆ ಅಂದುಕೊಂಡು ಮಗ್ಗಲು ಮಾಡಿ ಪಕ್ಕ ಕೂತೆ. ಎರಡು ನಿಮಿಷಕ್ಕೆ ಅದೂ ನಿಂತಿತು. ಆಮೇಲೆ ಎದೆ ಒತ್ತಿದೆ, ಆಂಬುಲೆನ್ಸ್ ಬರುವವರೆಗೂ ಒತ್ತಿದೆ. ಅವರು ಉಳಿಯಲಿಲ್ಲ. ತಂಗಿಯ ಗಂಡ ನನ್ನ ಮನಸ್ಸು ನೋಯಿಸಬಾರದೆಂದು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಹಾಗೆ ಬಾಯಿ ಬಿಡುವುದುಂಟು, ಅದು ಉಸಿರಲ್ಲ. ಅಂಥವರಿಗೆ ಮಗ್ಗಲಲ್ಲ, ಅಂಗಾತವೇ ಬೇಕು, ಆ ಗಳಿಗೆಯಿಂದಲೇ ಎದೆಯ ನಡುವೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳಕ್ಕೆ.

ಮೊದಲೇ ಒತ್ತಿದ್ದರೆ ಅವರು ಉಳಿಯುತ್ತಿದ್ದರೇನೋ, ಇಲ್ಲವೇನೋ. ಈ ಲೆಕ್ಕವನ್ನು ರಾತ್ರಿ ಪಾಳಿಯಲ್ಲಿ ಎಷ್ಟೋ ಸಲ ಹಾಕಿದ್ದೇನೆ. ಅಂದಿನಿಂದ ಹೊರಳಿಸುವ ಮೊದಲಿನ ಹತ್ತು ಸೆಕೆಂಡಿಗೆ ಅವಸರ ಮಾಡುವುದಿಲ್ಲ. ಎರಡೂ ಭುಜ ತಟ್ಟಿ "ಅಣ್ಣಾ, ಕೇಳಸ್ತೈತೇನು? ಕಣ್ಣು ತಗೀರಿ" ಅಂತ ಕೂಗುತ್ತೇನೆ. ಒಬ್ಬರತ್ತ ಬೆರಳು ಮಾಡಿ "ನೀವು 108ಕ್ಕೆ ಹಚ್ಚ್ರಿ" ಅನ್ನುತ್ತೇನೆ. ಹಾಗೆ ಬೆರಳು ಮಾಡದಿದ್ದರೆ ಯಾರೋ ಹಚ್ಚಿರಬೇಕೆಂದು ಎಲ್ಲರೂ ಸುಮ್ಮನಿರುತ್ತಾರೆ. ಹಣೆ ಒತ್ತಿ ಗದ್ದ ಎತ್ತಿ, ನನ್ನ ಕೆನ್ನೆಯನ್ನು ಅವರ ಮೂಗಿನ ಹತ್ತಿರ ಇಟ್ಟು, ಕಣ್ಣನ್ನು ಎದೆಯ ಮೇಲೆ ನೆಟ್ಟು, ಒಂದು, ಎರಡು ಅಂತ ಹತ್ತರವರೆಗೆ ಎಣಿಸುತ್ತೇನೆ. ಎದೆ ಏರಿಳಿಯುವುದು ಕಾಣಬೇಕು, ಉಸಿರು ಕೇಳಬೇಕು, ಕೆನ್ನೆಗೆ ಗಾಳಿ ತಾಗಬೇಕು. ಎಲ್ಲ ಸರಾಗವಾಗಿದ್ದರೆ ಮಗ್ಗಲು. ಅನುಮಾನ ಬಂದರೆ ಮಗ್ಗಲಿಲ್ಲ, ಎದೆ ಒತ್ತುವುದು.

ಫಿಟ್ಸ್ ಬಂದವರದು ಬೇರೆ ರೀತಿ. ಗಂಗಾವತಿಗೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿಗೆ ಬಸ್ಸಿನಲ್ಲೇ ಬಂತು. ನೋಡನೋಡುತ್ತ ಒಬ್ಬರು ಕೈಗೆ ಕೀಲಿಗೊಂಚಲು ತುರುಕಿದರು, ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು, ಇನ್ನೊಬ್ಬರು ಕಾಲಿನ ಚಪ್ಪಲಿ ಬಿಚ್ಚಿದರು. ಮತ್ತೊಬ್ಬರು ಹಲ್ಲಿನ ನಡುವೆ ಚಮಚ ಇಡಲು ಬಂದಾಗ ನಾನು ಕೈ ಹಿಡಿದೆ. "ನಾಲಗಿ ಕಡ್ಕೊಂತಾಳ್ರೀ!" ಅಂತ ನನ್ನ ಮೇಲೆಯೇ ರೇಗಿದರು. ಬಾಯಿಗೆ ಏನಿಟ್ಟರೂ ಹಲ್ಲು ಮುರಿಯಬಹುದು, ಮುರಿದದ್ದು ಗಂಟಲಿಗೆ ಇಳಿಯಬಹುದು. ಅದುರುವ ಕೈಕಾಲನ್ನು ಒತ್ತಿ ಹಿಡಿಯಲೂಬಾರದು. ತಲೆ ಸೀಟಿನ ಕಬ್ಬಿಣಕ್ಕೆ ಬಡಿಯದಂತೆ ಕೌದಿ ಮಡಚಿ ಕೊಟ್ಟೆ, ಗಡಿಯಾರ ನೋಡಿದೆ. ಅದುರುವುದು ಐದು ನಿಮಿಷ ದಾಟಿದರೆ ಅದು ದವಾಖಾನೆಯ ಕೇಸು. ಇವಳದು ಎರಡು ನಿಮಿಷಕ್ಕೆ ನಿಂತಿತು. ನಿಂತ ಮೇಲೆ ಉಸಿರು ನೋಡಿ, ಇಬ್ಬರು ಅಕ್ಕಂದಿರ ಕೈಯಿಂದ ಮಗ್ಗಲು ಮಾಡಿಸಿದೆ. ಬಾಯಿಂದ ನೊರೆ ಸುರಿದು ಹೋಯಿತು. ಎಚ್ಚರವಾದವಳಿಗೆ ತಾನೆಲ್ಲಿದ್ದೇನೆ ಅಂತ ತಿಳಿಯಲು ಹದಿನೈದು ನಿಮಿಷ ಬೇಕಾಯಿತು. ಆಮೇಲೆ ನನ್ನ ಅಂಗಿಯ ತೋಳು ಹಿಡಿದು, ಕಾಲೇಜಿನವರಿಗೆ ಗೊತ್ತಾಗಬಾರದು ಅಣ್ಣಾ ಅಂದಳು. ಅವಳು ಇಳಿದ ಮೇಲೆ "ದೇವ್ರು ಮೈಮ್ಯಾಗ ಬಂದಿತ್ತೇನೋ" ಅಂದ ಒಬ್ಬರಿಗೆ ನಾನು ಕಂಡಕ್ಟರ್ ದನಿಯಲ್ಲಿ ಎರಡು ಮಾತು ಹೇಳಬೇಕಾಯಿತು.

ಹತ್ತಿ ಬೆಳೆಯುವ ಕಡೆ ಇನ್ನೊಂದು ಬಗೆ. ಮಾನ್ವಿ ಹತ್ತಿರ ಹೊಲಕ್ಕೆ ಎಣ್ಣೆ ಹೊಡೆಯುತ್ತಿದ್ದ ಹುಡುಗನೊಬ್ಬನನ್ನು ರಸ್ತೆಗೆ ಹೊತ್ತು ತಂದು ಬಸ್ಸಿಗೆ ಅಡ್ಡ ನಿಂತಿದ್ದರು. ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಅಂಗಿ ತೊಯ್ದು ತೊಪ್ಪೆ, ಬೆವರು, ಕಣ್ಣಪಾಪೆ ಸಾಸಿವೆ ಕಾಳಿನಷ್ಟು, ಬಾಯಿಂದ ನಿಲ್ಲದ ಜೊಲ್ಲು. ಇಂಥಲ್ಲಿ ಬರಿಗೈಲಿ ಮುಟ್ಟಬಾರದು, ವಿಷ ಚರ್ಮದಿಂದಲೂ ಇಳಿಯುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅಂಗಿ ಕತ್ತರಿಸಿ ತೆಗೆದೆ, ಮೈಮೇಲೆ ಕೊಡದಿಂದ ನೀರು ಸುರಿಸಿದೆವು, ಎಡಮಗ್ಗಲಿಗೆ ಹಾಕಿದೆವು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಅಂದವರನ್ನು ತಡೆದೆ. ಪ್ರಜ್ಞೆ ಇಲ್ಲದವರಿಗೆ ವಾಂತಿ ಮಾಡಿಸುವುದೆಂದರೆ ಪುಪ್ಪುಸಕ್ಕೆ ವಿಷ ಸುರಿದ ಹಾಗೆ. ಎಣ್ಣೆಯ ಡಬ್ಬಿಯನ್ನು ಮರೆಯದೆ ಜೊತೆಗೆ ಕಳಿಸಬೇಕು, ಡಾಕ್ಟರು ಮೊದಲು ಕೇಳುವುದೇ ಅದನ್ನು. ಹುಡುಗನ ಬಾಯಿಂದ ದಾರಿಯುದ್ದಕ್ಕೂ ಜೊಲ್ಲು ಸೋರುತ್ತಲೇ ಇತ್ತು. ಅಂಗಾತ ಮಲಗಿಸಿದ್ದರೆ ಅದೆಲ್ಲ ಎಲ್ಲಿಗೆ ಹೋಗುತ್ತಿತ್ತು ಅಂತ ನಾನು ಬಸ್ಸಿನವರಿಗೆಲ್ಲ ತೋರಿಸಿ ಹೇಳಿದೆ.

ಬೈಕಿನಿಂದ ಬಿದ್ದವರನ್ನು ಮಾತ್ರ ಹೀಗೆ ಮೊಣಕಾಲು ಎಳೆದು ಹೊರಳಿಸುವುದಿಲ್ಲ. ಕುತ್ತಿಗೆಯ ಎಲುಬು ಮುರಿದಿರಬಹುದು. ಉಸಿರು ಸರಾಗ ಇದ್ದರೆ ಇದ್ದ ಹಾಗೇ ಬಿಟ್ಟು, ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂರುತ್ತೇನೆ. ಗಂಟಲಲ್ಲಿ ರಕ್ತ ಗಳಗಳ ಅನ್ನುತ್ತಿದ್ದರೆ ಬೇರೆ ದಾರಿಯಿಲ್ಲ, ಕುತ್ತಿಗೆಗಿಂತ ಉಸಿರು ಮೊದಲು. ಬೂದಗುಂಪಾ ಕ್ರಾಸಿನ ಹತ್ತಿರ ಒಮ್ಮೆ ಹಾಗಾಯಿತು. ತಲೆ ಹಿಡಿದವನು ನಾನು, ಹೆಗಲು, ಸೊಂಟ, ಕಾಲಿಗೆ ಒಬ್ಬೊಬ್ಬರು. ತಲೆ ಹಿಡಿದವನೇ ಎಣಿಸಬೇಕು, ಉಳಿದವರು ಅವನ ಮಾತಿಗೆ ಒಟ್ಟಿಗೆ ಹೊರಳಿಸಬೇಕು. ತಲೆ, ಬೆನ್ನು, ಸೊಂಟ ಒಂದೇ ತೊಲೆಯ ಹಾಗೆ ತಿರುಗಬೇಕು. ಮೊದಲ ಸಲಕ್ಕೆ ಒಬ್ಬ ಎರಡಕ್ಕೇ ಎಳೆದುಬಿಟ್ಟ. ತಡೆದು ಮತ್ತೆ ಎಣಿಸಿದೆವು.

ಆ ದಿನ ಕೈ ಹಚ್ಚಲು ಹಿಂದೆಗೆದವರು ಬಹಳ. "ನಾಳೆ ಪೊಲೀಸ್, ಕೋರ್ಟು ಅಂತ ಅಲಿಬೇಕಾಕ್ಕೈತ್ರಿ" ಅನ್ನುವ ಭಯ. 2016ರ ಮಾರ್ಚಿಯಲ್ಲೇ ಸುಪ್ರೀಂ ಕೋರ್ಟು ಇದಕ್ಕೆ ರಕ್ಷಣೆ ಕೊಟ್ಟಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಅಂತ ಕಲಮು ಸೇರಿದೆ. ಒಳ್ಳೆಯ ಮನಸ್ಸಿನಿಂದ ಅಪಘಾತದವರಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ. ಇದನ್ನು ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಅರ್ಧ ಮಂದಿ ನಂಬುತ್ತಾರೆ.

ಕುಡಿದು ಬಿದ್ದವರ ಬಗ್ಗೆಯೂ ಒಂದು ಮಾತು. ರಾತ್ರಿಯ ಕೊನೆ ಬಸ್ಸಿನ ಹೊತ್ತಿಗೆ ಯಾವ ನಿಲ್ದಾಣದಲ್ಲೂ ಅಂಥವರು ಒಬ್ಬರಾದರೂ ಇರುತ್ತಾರೆ. "ಕುಡ್ದಾನ, ಬಿಡ್ರಿ" ಅಂತ ದಾಟಿ ಹೋಗುವುದು ರೂಢಿ. ನಿಜಕ್ಕೂ ಕುಡಿದಿದ್ದರೆ ಮಗ್ಗಲು ಮಾಡುವುದು ಇನ್ನೂ ಜರೂರು, ವಾಂತಿಯಾಗುವುದು ಅವರಿಗೇ ಹೆಚ್ಚು. ಇನ್ನು ಕುಡಿಯದೆಯೂ ಹಾಗೆ ಕಾಣುವವರಿದ್ದಾರೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದರೆ ನಾಲಗೆ ತೊದಲುತ್ತದೆ, ನಡಿಗೆ ಓಲಾಡುತ್ತದೆ. ಎಚ್ಚರ ಇದ್ದು ನುಂಗಲು ಬಂದರೆ ಸಕ್ಕರೆ ಕೊಡಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಸಕ್ಕರೆಯೂ ಬೇಡ, ನೀರೂ ಬೇಡ.

ಹೊರಳಿಸುವುದು ಕಾಲು ನಿಮಿಷದ ಕೆಲಸ ಅಂದೆನಲ್ಲ, ಉಳಿದದ್ದೆಲ್ಲ ಕೂರುವ ಕೆಲಸ. ಮಗ್ಗಲು ಮಾಡಿದ ಕೂಡಲೇ ಜನ ಕೈ ಕೊಡವಿ ಎದ್ದುಬಿಡುತ್ತಾರೆ, ಹೆಣ್ಣು ನೋಡುವ ಶಾಸ್ತ್ರ ಮುಗಿದ ಹಾಗೆ. ಆದರೆ ಮಗ್ಗಲಾಗಿ ಮಲಗಿದವರ ಉಸಿರು ನಿಂತರೆ ದೂರದಿಂದ ಗೊತ್ತೇ ಆಗುವುದಿಲ್ಲ, ನಿದ್ದೆ ಮಾಡಿದ ಹಾಗೇ ಕಾಣುತ್ತದೆ. ಅದಕ್ಕೆ ಪಕ್ಕೆಯ ಮೇಲೆ ನನ್ನ ಅಂಗೈ ಇಟ್ಟೇ ಕೂರುತ್ತೇನೆ. ಏರುತ್ತದೆ, ಇಳಿಯುತ್ತದೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ನಿಮಿಷದ ಲೆಕ್ಕ. ದೊಡ್ಡವರಿಗೆ 12ರಿಂದ 20ರ ಒಳಗಿರಬೇಕು. ನಿಂತರೆ ಮತ್ತೆ ಅಂಗಾತ, ಎದೆ ಒತ್ತಲು ಶುರು.

ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ ಸಿಂಧನೂರು ಬಿಟ್ಟು ಕಾರಟಗಿ ಕಡೆ ಹೋಗುವಾಗ ಐವತ್ತರ ಒಬ್ಬರು ಹೀಗೆ ಬಿದ್ದರು. ಬೇವಿನ ಮರದ ಕೆಳಗೆ ಕೌದಿ ಹಾಸಿ ಮಗ್ಗಲು ಮಾಡಿದೆ. 108ರವರು ಗಾಡಿ ಹೊರಟಿದೆ ಅಂದರು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಆ ಕಾಲಕ್ಕೆ ರಸ್ತೆ ತುಂಬ ಭತ್ತದ ಟ್ರ್ಯಾಕ್ಟರು, ಕೊಯ್ಯುವ ಮಷೀನು. ನಲವತ್ತು ನಿಮಿಷ ಹಿಡಿಯಿತು. ಬಸ್ಸಿನಲ್ಲಿ ಅರವತ್ತು ಮಂದಿ. ಮೊದಲ ಹತ್ತು ನಿಮಿಷ ಎಲ್ಲರೂ ಅಯ್ಯೋ ಪಾಪ ಅಂದರು. ಆಮೇಲೆ ಒಬ್ಬೊಬ್ಬರಾಗಿ ಗಡಿಯಾರ ನೋಡಿಕೊಂಡರು. "ಮಲಗಿಸಿದ್ರಲ್ಲ ಸಾಹೇಬ್ರ, ಇನ್ನೇನು? ಯಾರನ್ನಾರ ಒಬ್ರನ್ನ ಕುಂಡ್ರಿಸಿ ನಡೀರಿ" ಅಂದರು. ಸಿಟ್ಟು ಬರಲಿಲ್ಲ, ಅವರಿಗೂ ಲಗ್ನ, ದವಾಖಾನೆ, ಸಂತೆ ಇರುತ್ತವೆ. ಹಿಂದಿನಿಂದ ಬಂದ ಬಸ್ಸಿಗೆ ಆತುರದವರನ್ನು ಹತ್ತಿಸಿದೆ. ಅರ್ಧ ಗಂಟೆ ಆದಾಗ ಅವರನ್ನು ಇನ್ನೊಂದು ಮಗ್ಗಲಿಗೆ ಬದಲಿಸಿದೆ. ಒಂದೇ ಕಡೆ ಬಹಳ ಹೊತ್ತು ಬಿಟ್ಟರೆ ಕೆಳಗಿನ ಕೈಗೆ ರಕ್ತ ಓಡುವುದು ಕಡಿಮೆಯಾಗುತ್ತದೆ. ಉಸಿರಿನ ಲೆಕ್ಕ ಒಂದು ಸಲ 10ಕ್ಕೆ ಇಳಿಯಿತು, ನನ್ನ ಬಾಯಿ ಒಣಗಿತು. ತಲೆ ಇನ್ನಷ್ಟು ಹಿಂದಕ್ಕೆ ಬಾಗಿಸಿದೆ, ಮತ್ತೆ 14ಕ್ಕೆ ಬಂತು. ಗಾಡಿ ಬಂದು ಸ್ಟ್ರೆಚರಿಗೆ ಹಾಕಿದ ಮೇಲೆ ನನ್ನ ಮೊಣಕಾಲು ಮಡಚಿದ್ದು ನೆಟ್ಟಗಾಗಲೇ ಇಲ್ಲ, ಡ್ರೈವರ್ ಅಣ್ಣನೇ ಎಬ್ಬಿಸಿದ.

ರಾತ್ರಿ ಡಿಪೋದಲ್ಲಿ ವೇಬಿಲ್, ಅಂದರೆ ದಿನದ ಟಿಕೆಟ್ ಲೆಕ್ಕದ ಹಾಳೆ, ಕೊಟ್ಟೆ. ಕ್ಯಾಷ್ ಕೌಂಟರಿನವನು ತಿರುವಿ ಹಾಕಿ ಅಂಚಿನ ಮೇಲೆ ಬೆರಳಿಟ್ಟ.

"ಈ 16, 14, 14, 10, 14 ಯಾವ ಟಿಕೆಟ್ ರೀ? ಮಷೀನ್ನಾಗ ಇಲ್ಲಲ್ಲ?"

"ಟಿಕೆಟ್ ಅಲ್ರಿ, ಉಸಿರು" ಅಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಆ ಅಂಕಿಗಳನ್ನು ಬಿಟ್ಟು ಉಳಿದದ್ದನ್ನು ಕೂಡಿಸಿ, ಎಂಟು ರೂಪಾಯಿ ಕಡಿಮೆ ಇದೆ ಅಂದ.